ದ್ರೌಪದಿಯ ನೆತ್ತಿ

ಕದಿರಪ್ಪನ ಕೂದಲು ಉದುರುತ್ತಿರುವ ಸಂಗತಿ ಅವನ ಹೆಂಡತಿಗಿಂತ ಮೊದಲು ಗೊತ್ತಾದದ್ದು ಚಾಂಪಿಯನ್ ರೀಫ್ಸ್ ಗಣಿಯ ಗೇಟಿನಲ್ಲಿ ಜಡತಿ ಮಾಡುವ ಕುಪ್ಪುಸ್ವಾಮಿಗೆ. ಪಾತಾಳದಿಂದ ಮೇಲೆ ಬಂದವರನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ಕಂಕುಳು ಎತ್ತಿಸಿ, ಚಡ್ಡಿ ಒದರಿಸಿ, ಎಲ್ಲಾದರೂ ಚಿನ್ನದ ಚೂರು ಅಡಗಿದೆಯೇ ಎಂದು ನೋಡುವುದು ಅವನ ಕೆಲಸ. ಮಿಕ್ಕವರದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಕದಿರಪ್ಪನ ಸರದಿ ಬಂದಾಗ ಮಾತ್ರ ತುರುಬು ಬಿಚ್ಚಿಸಿ, ಹತ್ತೂ ಬೆರಳು ಒಳಗಿಳಿಸಿ, ಬುಡದಿಂದ ತುದಿಯವರೆಗೆ ತಡಕಬೇಕಾಗುತ್ತಿತ್ತು. ಸೊಂಟ ದಾಟುವ ಕೂದಲು. ಹೆಂಗಸರೇ ನಿಂತು ನೋಡುವಂಥದ್ದು.

ಒಂದು ದಿನ ಕುಪ್ಪುಸ್ವಾಮಿ ತಡಕುತ್ತಿದ್ದ ಕೈಯನ್ನು ನಡುನೆತ್ತಿಯ ಮೇಲೆ ನಿಲ್ಲಿಸಿಬಿಟ್ಟ.

"ಏನ್ ತಂಬಿ, ಮುಂಚೆ ಇಲ್ಲಿ ಕೈ ಹಾಕಿದ್ರೆ ಕಾಡ್ನಾಗೆ ದನ ಕಳ್ಕೊಂಡಂಗೆ ಆಗ್ತಿತ್ತು. ಇವತ್ತು ಬಯಲು ಸಿಗ್ತಾ ಐತೆ?"

"ಸುಮ್ಕೆ ನಿನ್ ಕೆಲ್ಸ ನೋಡು" ಎಂದ ಕದಿರಪ್ಪ.

"ಅದೇ ನೋಡ್ತಾ ಇದೀನಿ. ಚಿನ್ನ ಇಲ್ಲ. ಕೂದ್ಲೂ ಇಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕದಿರಪ್ಪ ತುರುಬು ಕಟ್ಟಿ, ಅದರ ಮೇಲೆ ರುಮಾಲು ಬಿಗಿದು, ಗಣಿ ಆಳುಗಳ ಸಾಲುಮನೆಗಳಿದ್ದ ಊರಿಗಾಂ ಲೈನಿನ ತನ್ನ ಮನೆಯವರೆಗೆ ಯಾರ ಮುಖವನ್ನೂ ನೋಡದೆ ನಡೆದ.

ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕೊಡುವ ಆಳು ಅವನು. ಅಂಥವನಿಗೆ ಕೂದಲು ಹೋದರೇನು, ಇದ್ದರೇನು ಎಂದು ಕೇಳಬಹುದು. ಆದರೆ ವರ್ಷಕ್ಕೆ ಒಂದು ದಿನ ಕದಿರಪ್ಪ ಆಳಾಗಿರುತ್ತಿರಲಿಲ್ಲ, ದ್ರೌಪದಿಯಾಗಿರುತ್ತಿದ್ದ. ಊರಿಗಾಂ ಲೈನಿನವರು ಆಡುವ ಕೇಳಿಕೆ ಬಯಲಾಟದಲ್ಲಿ ಹತ್ತು ವರ್ಷದಿಂದ ಆ ವೇಷ ಅವನದೇ. ಬೇರೆ ಮೇಳದವರು ದ್ರೌಪದಿಗೆ ಚವುರಿ ಕಟ್ಟುತ್ತಾರೆ, ನಾರು ಕಟ್ಟುತ್ತಾರೆ, ಒಂದು ಊರಲ್ಲಂತೂ ಕುದುರೆ ಬಾಲವನ್ನೇ ಕಟ್ಟಿದ್ದರಂತೆ. ಊರಿಗಾಂ ದ್ರೌಪದಿಯದು ಮಾತ್ರ ಸ್ವಂತ ಕೂದಲು. ತುಂಬಿದ ಸಭೆಯಲ್ಲಿ ದುಶ್ಶಾಸನ ಮುಡಿಗೆ ಕೈ ಹಾಕಿ ಎಳೆದಾಗ, ಆ ಕಪ್ಪು ಹೊಳೆ ಹರಡಿಕೊಂಡು ರಂಗದ ಅಟ್ಟದ ಹಲಗೆ ಮುಟ್ಟಿದಾಗ, ಎಂತೆಂಥ ಗಂಡಸರೂ ಮೂಗು ಸೀಟುತ್ತಿದ್ದರು. ಕಡಲೆಪುರಿ ಮಾರುವ ಮುದುಕಿ ಮುನಿಶಾಮಮ್ಮ ಪ್ರತಿ ವರ್ಷ ಆಟಕ್ಕೆ ಮುಂಚೆ ಒಂದು ಬಟ್ಟಲು ಹರಳೆಣ್ಣೆ ತಂದು, "ದ್ರೌಪದಮ್ಮನ ಮುಡಿಗೆ" ಎಂದು ಅವನ ಮನೆ ಬಾಗಿಲಲ್ಲಿಟ್ಟು, ಕೈಮುಗಿದು ಹೋಗುತ್ತಿದ್ದಳು. ಕೈಮುಗಿಯುವುದು ಕದಿರಪ್ಪನಿಗಲ್ಲ, ಅವನ ತಲೆಗೆ. ಅವನಿಗೂ ಅದು ಗೊತ್ತಿತ್ತು. ಹಾಗೆ ಕೈಮುಗಿಸಿಕೊಂಡ ತಲೆಯನ್ನು ಹೊತ್ತು ತಿರುಗುವುದರಲ್ಲಿ ಒಂದು ಸುಖವಿತ್ತು.

ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ, ಊರಿಗಾಮಿನ ಕೇಳಿಕೆ ಹಗಲಾಟ. ರಾತ್ರಿ ಮದ್ದಲೆ ಬಾರಿಸಿದರೆ ಬೆಳಗಿನ ಶಿಫ್ಟಿನವರಿಗೆ ನಿದ್ದೆ ಬರದೆಂದು ಗಣಿಯ ದೊರೆಗಳು ಬೇಡವೆಂದಿದ್ದರು. ಹಾಗಾಗಿ ಭಾನುವಾರ ಊಟವಾದ ಮೇಲೆ, ಸುಡುಬಿಸಿಲಿನಲ್ಲಿ, ಕೌರವರ ಸಭೆ ಕೂಡುತ್ತಿತ್ತು. ಗ್ಯಾಸ್‌ಲೈಟಿನ ಮಬ್ಬು ನೂರು ಪಾಪ ಮುಚ್ಚುತ್ತದೆ. ಸೂರ್ಯನಾರಾಯಣ ಯಾವುದನ್ನೂ ಮುಚ್ಚುವುದಿಲ್ಲ.

ಕೂದಲು ಯಾಕೆ ಉದುರುತ್ತಿದೆಯೆಂದು ಲೈನಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಗಣಿಯ ಕಾವು ಎಂದರು. ಬಿಗಿದ ರುಮಾಲು ಎಂದರು. ಹೆಂಡತಿಯ ಕೈಯ ಸಾರು ಎಂದವನೊಬ್ಬ ಕನಕಮ್ಮನ ಬಾಯಿಗೆ ಸಿಕ್ಕು ಆಮೇಲೆ ಆ ಬೀದಿಗೇ ಬರಲಿಲ್ಲ. ಕದಿರಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನಿಗೆ ನಿಜವಾದ ಕಾರಣ ಗೊತ್ತಿತ್ತು. ಅದು ತಿರುಪತಿ ತಿಮ್ಮಪ್ಪನ ಸಿಟ್ಟು.

ಬಂಗಾರಪೇಟೆಯಿಂದ ಹರದಾರಿ ದೂರದ ಹಳ್ಳಿಯಲ್ಲಿ ಅವನ ಮನೆಯನ್ನು 'ಮುಡಿಯೋರ ಮನೆ' ಎಂದೇ ಕರೆಯುತ್ತಾರೆ. ಆ ವಂಶದ ಗಂಡಸರು ಮೂವತ್ತು ತುಂಬಿದೊಡನೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುತ್ತಾರೆ. ಎಲ್ಲರೂ ಕೊಡುತ್ತಾರಲ್ಲ ಎನ್ನಬೇಡಿ. ಎಲ್ಲರೂ ಕೊಟ್ಟು ಮತ್ತೆ ಬೆಳೆಸುತ್ತಾರೆ. ಇವರು ಬೆಳೆಸುವುದಿಲ್ಲ. ಒಮ್ಮೆ ಕೊಟ್ಟ ತಲೆ ಸ್ವಾಮಿಯ ಸೊತ್ತು ಎಂದು ಸಾಯುವವರೆಗೂ ವಾರವಾರ ನುಣ್ಣಗೆ ಬೋಳಿಸಿಕೊಂಡು ರುಮಾಲು ಸುತ್ತಿಕೊಳ್ಳುತ್ತಾರೆ. ಇಂಥ ಭಕ್ತಿ ಸುತ್ತಮುತ್ತ ಎಲ್ಲೂ ಇಲ್ಲವೆಂದು ಊರ ದೇವಸ್ಥಾನದಲ್ಲಿ ಮೊದಲ ತೀರ್ಥ ಅವರಿಗೇ.

ಕದಿರಪ್ಪನಿಗೆ ಮೂವತ್ತಾದಾಗ ಅಪ್ಪ ಮುನಿಸ್ವಾಮಪ್ಪ ಹೇಳಿಕಳಿಸಿದ್ದರು. ಕದಿರಪ್ಪ ಹೋಗಲಿಲ್ಲ. "ಆಟ ಐತೆ" ಎಂದ. ಮರುವರ್ಷವೂ ಆಟವಿತ್ತು. ಅದೇ ವರ್ಷ ಹಣೆಯ ಎರಡು ಮೂಲೆಯಲ್ಲಿ ಕೂದಲು ಹಿಂದೆ ಸರಿಯಿತು. ಆಮೇಲೆ ನೆತ್ತಿಯ ಮೇಲೆ ಒಂದು ಕಾಸಿನಗಲ. ಕಾಸು ಬರಬರುತ್ತ ತಟ್ಟೆಯಾಯಿತು. ಕೊಡಬೇಕಾದದ್ದನ್ನು ಕೊಡದವನ ತಲೆಯಿಂದ ದೇವರು ತಾನೇ ಬಂದು ಎತ್ತಿಕೊಂಡು ಹೋಗುತ್ತಿದ್ದಾನೆ. ಇದರಲ್ಲಿ ಅನುಮಾನಕ್ಕೆ ಜಾಗವೆಲ್ಲಿ?

ಬೆಳಿಗ್ಗೆ ಎದ್ದು ತಲೆದಿಂಬಿನ ಮೇಲೆ ಬಿದ್ದಿರುವುದನ್ನು ನೋಡಿ, ಗೋಡೆಯ ಮೇಲಿನ ಪಟದ ಮುಂದೆ ನಿಂತು ಅವನು ಜಗಳ ತೆಗೆಯುತ್ತಿದ್ದ. "ನೋಡು ಸ್ವಾಮಿ, ಏಳು ಬೆಟ್ಟದ ಒಡೆಯ ನೀನು. ಮನೆ ಮನೆ ತಲೆ ಬಂದು ಬೀಳ್ತದೆ ನಿನ್ ಕಾಲಿಗೆ. ನನ್ ಒಬ್ಬನ್ ತಲೇನ ಇಂಗೆ ಇಲಿ ಭತ್ತ ಕದ್ದಂಗೆ ಪುಡಿ ಪುಡಿ ಕದಿಯೋದು ನಿನ್ ದೊಡ್ಡಸ್ತಿಕೆಗೆ ಚೆಂದಾನಾ?"

"ದೇವ್ರ ಮುಂದೆ ನಿಂತು ಬಯ್ಯೋರಿಗೆ ಕೂದ್ಲು ನಿಂತೀತಾ ಬಾವ?" ಎಂದು ಕನಕಮ್ಮ ಉದುರಿದ್ದನ್ನೆಲ್ಲ ಆಯ್ದು, ಬೆರಳಿಗೆ ಸುತ್ತಿ ಉಂಡೆ ಮಾಡಿ ಸೂರಿನ ಸಂದಿಗೆ ಸಿಕ್ಕಿಸುತ್ತಿದ್ದಳು. ಅವಳು ಅವನ ಸೋದರತ್ತೆಯ ಮಗಳು. ಆ ಸಲಿಗೆ ಮಾತಿನಲ್ಲೂ ಇತ್ತು.

"ಅದನ್ನ ಯಾಕೆ ಎತ್ತಿಡ್ತೀಯ?"

"ಸೂಜಿ ಮಾರೋಳು ಬಂದ್ರೆ ಕೊಟ್ಟು ಒಂದು ಡಬರಿ ತಗೋತೀನಿ. ನಿನ್ ತಲೇಲಿ ಇರೋದಿಲ್ಲ ಅಂದ್ಮೇಲೆ ಅಡಿಗೆ ಮನೇಲಾದ್ರೂ ಇರ್ಲಿ."

ಹಾಗೆಂದು ಅವಳು ಕೈಕಟ್ಟಿ ಕೂರಲಿಲ್ಲ. ಗರುಗದ ಸೊಪ್ಪು ಅರೆದು ಎಣ್ಣೆ ಕಾಯಿಸಿದಳು. ಈರುಳ್ಳಿ ಜಜ್ಜಿ ಉಜ್ಜಿದಳು. ಆ ವಾರ ಗಣಿಗಿಳಿಸುವ ಕಬ್ಬಿಣದ ತೊಟ್ಟಿಲಲ್ಲಿ ಅವನ ಜೊತೆ ಇಳಿಯಲು ಯಾರೂ ಒಪ್ಪಲಿಲ್ಲ. ಗುಲಗಂಜಿ ತೇಯ್ದು ಹಚ್ಚಿದಳು. ನೆತ್ತಿ ಬೊಬ್ಬೆಯೆದ್ದಿತು, ಕೂದಲೇಳಲಿಲ್ಲ. ಕಡೆಗೆ ಕದಿರಪ್ಪ ರಾಬರ್ಟ್‌ಸನ್‌ಪೇಟೆಗೆ ಹೋಗಿ, ಹಿಮ್ಮಡಿ ಮುಟ್ಟುವ ಕೂದಲಿನ ಹೆಂಗಸಿನ ಚಿತ್ರವಿದ್ದ ಒಂದು ಬಾಟಲಿ ಎಣ್ಣೆ ಹಿಡಿದು, ಇದು ಗಂಡಸರ ತಲೆಗೂ ಆಗುತ್ತದೆಯೇ ಎಂದು ಕೇಳಿದ. "ಬಾಗ್ಲಿಗೆ ಅಚ್ಚಿದ್ರೂ ಬೆಳೀತದೆ, ತಗೊಂಡೋಗಣ್ಣ" ಎಂದ ಅಂಗಡಿಯವನು. ಬೆಳೆದದ್ದೇನಾದರೂ ಇದ್ದರೆ ಅದು ಹಚ್ಚಿದ ತನ್ನ ಅಂಗೈ ಮೇಲೆ ಎಂದು ಕನಕಮ್ಮ ಬೀದಿಗೆಲ್ಲ ತೋರಿಸಿಕೊಂಡು ಬಂದಳು.

ಉಳಿದದ್ದು ಒಂದೇ ದಾರಿ. ಕಾರ್ಬೈಡ್ ದೀಪದ ಮಸಿ ತೆಗೆದು, ಎಣ್ಣೆಯಲ್ಲಿ ಕಲಸಿ, ಬೋಳಾದ ಜಾಗಕ್ಕೆ ಬಳಿದು, ಪಕ್ಕದ ಕೂದಲನ್ನು ಅದರ ಮೇಲೆ ಎಳೆದು ಬಾಚುವುದು. ದೂರದಿಂದ ನೋಡಿದರೆ ತುಂಬಿದ ತಲೆ. ಕದಿರಪ್ಪ ಎಲ್ಲರಿಂದಲೂ ದೂರ ನಿಲ್ಲುವುದನ್ನು ಕಲಿತ.

ಆದರೆ ದುಶ್ಶಾಸನನಿಂದ ದೂರ ನಿಲ್ಲುವ ದ್ರೌಪದಿ ಎಲ್ಲಿದ್ದಾಳೆ?

ಆಟಕ್ಕೆ ಇನ್ನು ಒಂದೇ ವಾರ. ಭಜನೆ ಮನೆಯ ಮುಂದೆ ಅಭ್ಯಾಸ ನಡೆದಿತ್ತು. ಆಟ ಕಲಿಸುವ ಬಚ್ಚಪ್ಪ ಮೇಷ್ಟ್ರು ತಾಳ ಹಿಡಿದು ಕೂತಿದ್ದರು. ದುಶ್ಶಾಸನ ಪೆರುಮಾಳ್, ಕುಡುಗೋಲಿನಂಥ ಮೀಸೆ, ಕತ್ತಿನವರೆಗೆ ದಟ್ಟ ಕೂದಲು, ಮೂಲೆಮನೆಗೂ ಕೇಳುವ ಕಂಠ. ಅವನು ಅಬ್ಬರಿಸಿ ಬಂದು ದ್ರೌಪದಿಯ ಮುಡಿಗೆ ಕೈ ಹಾಕಿ ಎಳೆದ. ಬೆವರಿಗೆ ಕರಗಿದ ಮಸಿ ಕದಿರಪ್ಪನ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ ಕಪ್ಪು ಗೆರೆಯಾಗಿ ಇಳಿಯಿತು. ಪೆರುಮಾಳನ ಮುಷ್ಟಿಯಲ್ಲಿ ಒಂದು ಹಿಡಿ ಕೂದಲು ಹಾಗೇ ಉಳಿಯಿತು.

ಪೆರುಮಾಳ್ ಅದನ್ನೂ ಅವನ ತಲೆಯನ್ನೂ ನೋಡಿದ. "ಅಯ್ಯೋ ಮುರುಗಾ! ಬರೋ ವರ್ಸ ನಾನು ಏನ್ ಇಡ್ಕಂಡು ಎಳೀಲಪ್ಪ, ಕಿವೀನಾ?"

ಸುತ್ತಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಹತ್ತಿರ ಬಂದು, ಬೆರಳಲ್ಲಿ ಮಸಿ ಒರಸಿ ನೋಡಿದರು.

"ಎಷ್ಟು ದಿನದಿಂದ್ಲಾ?"

"ಸ್ವಲ್ಪ ದಿನ ಆಯ್ತು ಮೇಷ್ಟ್ರೇ. ಇಂದಕ್ಕೆ ಚವುರಿ ಕಟ್ಕೊಂಡ್ರೆ..."

"ಚವುರಿ ಕಟ್ಟೋದು ಇಂದಕ್ಕೆ. ನಿನ್ ಬಯ್ಲು ಇರೋದು ಮುಂದಕ್ಕೆ. ಅಗಲಾಟ ಕಣಯ್ಯ ನಮ್ದು. ಬಿಸ್ಲಿಗೆ ದ್ರೌಪದಿ ತಲೆ ಮಿಣಮಿಣ ಅಂದ್ರೆ ಜನ ಅಳ್ತಾರಾ, ನಗ್ತಾರಾ? ಆ ತಾಯಿ ಮಾನ ಕೌರವರು ಕಳೆದ್ರೂ ಕೃಷ್ಣ ಕಾಯ್ದ. ನಾವೇ ಕಳೆದ್ರೆ ಯಾರ್ ಕಾಯ್ತಾರೆ?" ಮೇಷ್ಟ್ರು ಬೆರಳ ಮಸಿಯನ್ನು ಪಂಚೆಗೆ ಒರಸಿಕೊಂಡು, "ಗುರ್ವಾರದೊಳಗೆ ಏನಾರ ದಾರಿ ಕಾಣ್ಸು. ಇಲ್ದಿದ್ರೆ ಈ ವರ್ಸ ಆಟಾನೇ ಬ್ಯಾಡ" ಎಂದರು.

ಕದಿರಪ್ಪ ಮುಖ ತೊಳೆದುಕೊಂಡು ಮನೆಗೆ ಬಂದ. ಅವನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ದೇವರ ಜೊತೆ ರಾಜಿ. ಊರಿಗೆ ಹೋಗಿ ಅಪ್ಪನ ಕೈಯಲ್ಲಿ ತಪ್ಪುಕಾಣಿಕೆ ಇಡಿಸುವುದು. ಇಷ್ಟು ದಿನ ತಡ ಮಾಡಿದ್ದು ತಪ್ಪು, ಆಟ ಮುಗಿದ ಮರುದಿನವೇ ತಿರುಪತಿ ರೈಲು ಹತ್ತುತ್ತೇನೆ, ಭಾನುವಾರ ಸಂಜೆಯವರೆಗೆ ಇದ್ದಷ್ಟನ್ನು ಹಿಡಿದಿಡು. ಸಾಧ್ಯವಾದರೆ ನೆತ್ತಿಯ ಮೇಲಿನದನ್ನು ಮಾತ್ರ ವಾಪಸು ಕೊಡು. ಮನೆಯ ಹಿರಿಯ, ಮುಡಿ ಕೊಟ್ಟ ತಲೆ, ಬೇಡಿಕೊಂಡರೆ ಸ್ವಾಮಿ ಕೇಳದಿದ್ದಾನೆಯೇ?

ಮಾರನೆಯ ದಿನ ಗಂಡಹೆಂಡಿರು ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದರು. ಸ್ಟೇಷನ್ ಬೋರ್ಡಿನಲ್ಲಿ ಆಗಿನ್ನೂ ಬೌರಿಂಗ್‌ಪೇಟೆ ಎಂದೇ ಇತ್ತು. ಅಲ್ಲಿಂದ ರಾಗಿ ಹೊಲಗಳ ನಡುವೆ ನಡೆದು ಊರು ಸೇರಿದಾಗ ಹೊತ್ತು ಏರಿತ್ತು.

ಅಪ್ಪ ಹಿತ್ತಲ ಬಾವಿಯ ಹತ್ತಿರ ಬಗ್ಗಿ ಎತ್ತಿಗೆ ನೀರು ಕುಡಿಸುತ್ತಿದ್ದರು. ಮಗ ಬರುವುದು ಗೊತ್ತಿರಲಿಲ್ಲ. ತಲೆಯ ಮೇಲೆ ರುಮಾಲು ಇರಲಿಲ್ಲ. ಊರ ಕ್ಷೌರಿಕ ಮಗಳ ಬಾಣಂತನವೆಂದು ಮುಳಬಾಗಿಲಿಗೆ ಹೋಗಿ ಹದಿನೈದು ದಿನ ಮೇಲಾಗಿತ್ತು. ಊರಿನ ಎಲ್ಲ ಗಂಡಸರ ಮುಖದ ಮೇಲೂ ಹುಲ್ಲು ಬೆಳೆದಿತ್ತು.

ಕದಿರಪ್ಪ "ಅಪ್ಪಾ" ಎನ್ನಲು ಬಾಯಿ ತೆರೆದವನು ಹಾಗೇ ನಿಂತ. ಹುಟ್ಟಿದಾಗಿನಿಂದ ಆ ತಲೆಯನ್ನು ಅವನು ನುಣ್ಣಗೆಯೇ ನೋಡಿದ್ದ. ಈಗ ಕಿವಿಯ ಮೇಲೆ, ಹಿಂದೆ, ಕತ್ತಿನವರೆಗೆ ಬಿಳಿ ಕೂಳೆ ಒತ್ತಾಗಿ ಎದ್ದಿತ್ತು. ಅದರ ನಡುವೆ, ಹಣೆಯಿಂದ ಸುಳಿಯವರೆಗೆ, ಒಂದು ಎಳೆಯಿಲ್ಲ. ಸುತ್ತ ಬೇಲಿ ಹಾಕಿ, ಸಗಣಿ ಸಾರಿಸಿ, ರಾಗಿ ತೆನೆ ಬಂದು ಬೀಳಲೆಂದು ಕಾಯುತ್ತಿರುವ ಕಣದ ಹಾಗೆ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು.

ಕದಿರಪ್ಪನ ಕೈ ತಾನಾಗಿ ರುಮಾಲಿನೊಳಗೆ ನುಗ್ಗಿ ತನ್ನ ನೆತ್ತಿಗೆ ಹೋಯಿತು. ಬೇಲಿ ಅಲ್ಲೇ ಇತ್ತು. ಕಣವೂ ಅಲ್ಲೇ ಇತ್ತು. ಸ್ವಲ್ಪ ಚಿಕ್ಕದು, ಅಷ್ಟೇ.

"ಅಪ್ಪಾ, ನಿನ್ಗೆ ನಡೂನೆತ್ತೀಲಿ ಬೆಳೆಯೋದೇ ಇಲ್ವಾ?"

ಮುನಿಸ್ವಾಮಪ್ಪ ಬೆಚ್ಚಿ, ಎತ್ತಿನ ಕೊಂಬಿಗೆ ಸಿಕ್ಕಿಸಿದ್ದ ರುಮಾಲನ್ನು ಎಳೆದು ತಲೆಗೆ ಸುತ್ತಿಕೊಂಡರು. ಅವಸರದಲ್ಲಿ ಒಂದು ಕಣ್ಣೂ ಮುಚ್ಚಿಹೋಯಿತು. "ಸ್ವಾಮಿ ಸೊತ್ತು ಕಣ್ಲಾ ಅದು. ಅಂಗೆಲ್ಲಾ ನೋಡ್ಬಾರ್ದು."

ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಪಾಪಕ್ಕ ಕೈಲಿದ್ದದ್ದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಮುನಿಸ್ವಾಮಪ್ಪನ ತಂಗಿ, ಕದಿರಪ್ಪನ ಸೋದರತ್ತೆ, ಮೇಲಾಗಿ ಹೆಣ್ಣು ಕೊಟ್ಟ ಅತ್ತೆ.

"ಯಾಕಣ್ಣ ಮುಚ್ತೀಯ? ಅವ್ನೇನು ಕುರುಡ್ನಾ? ಬಾರ್ಲಾ ಕದಿರ, ಕೂತ್ಕೋ. ನಾನೇಳ್ತೀನಿ ನಿಮ್ ವಂಶದ ಭಕ್ತಿ ಕತೆಯ."

"ಪಾಪೀ, ಬಾಯ್ ಮುಚ್ಚು" ಎಂದರು ಅಣ್ಣ.

"ಎಪ್ಪತ್ತು ವರ್ಸ ಮುಚ್ಚಿದ್ದು ಸಾಲ್ದಾ?" ಪಾಪಕ್ಕ ಕದಿರಪ್ಪನ ರುಮಾಲು ಕಿತ್ತು, ತಲೆ ಬಗ್ಗಿಸಿ, ಸೌತೆಕಾಯಿ ಕೊಳ್ಳುವವಳ ಹಾಗೆ ತಿರುಗಿಸಿ ನೋಡಿದಳು. "ಔದು. ಅದೇ. ಮೊದ್ಲು ಎಲ್ಡು ಮೂಲೆ, ಆಮೇಲೆ ನೆತ್ತಿ, ಆಮೇಲೆ ಎಲ್ಡೂ ಕೈ ಇಡ್ಕೊಳ್ತವೆ. ನಮ್ಮಪ್ಪಂದೂ ಇಂಗೇ ಓಯ್ತು. ನಿಮ್ಮಪ್ಪಂದೂ ಇಂಗೇ ಓಯ್ತು. ಅದು ಸಾಲ್ದು ಅಂತ ನಿಮ್ಮಮ್ಮನ ತಮ್ಮ ಐದಾನಲ್ಲ, ಅವನ್ ತಲೆ ಬೋರ್ಲಾಕಿದ್ ಮಡಕೆ. ಎಲ್ಡು ಕಡೆಯಿಂದ್ಲೂ ಅರಿದು ಬಂದೈತೆ ನಿನ್ಗೆ."

"ಮತ್ತೆ ಮುಡಿ?"

"ನಮ್ಮಪ್ಪಂಗೆ ಇಂಗೆ ಉದುರೋಕೆ ಸುರುವಾದಾಗ ಊರೆಲ್ಲ ಬೋಡ ಬೋಡ ಅಂತ ಆಡ್ಕೊಳ್ತಿದ್ರಂತೆ. ಒಂದು ಗಾಣ ಎಣ್ಣೆ ಉಯ್ದ, ಕೋಳಿ ಕುಯ್ದ, ಏನೂ ಆಗ್ಲಿಲ್ಲ. ಒಂದಿನ ತಿರುಪ್ತಿಗೋದ. ಉಳಿದಿದ್ದನ್ನೂ ಬೋಳಿಸ್ಕೊಂಡು, ನಾಮ ಇಕ್ಕೊಂಡು, ಗೋವಿಂದಾ ಗೋವಿಂದಾ ಅಂತ ಊರೊಳಕ್ಕೆ ಬಂದ. ಬೋಡ ಅಂದೋರೇ ಕಾಲಿಗೆ ಬಿದ್ರು! ಬೆಳೆಸಿದ್ರೆ ಗುಟ್ಟು ರಟ್ಟಾಯ್ತದಲ್ಲ, ಅದಕ್ಕೆ ಬೆಳೆಸ್ಬಾರ್ದು ಅಂತ ನೇಮ ಮಾಡ್ದ. ಅವತ್ತಿಂದ ಇದು ಮುಡಿಯೋರ ಮನೆ."

ಕದಿರಪ್ಪನಿಗೆ ಎಲ್ಲಿಂದ ಸಿಟ್ಟು ಬಂತೋ. ಮೂರು ವರ್ಷ! ಪಟದ ಮುಂದೆ ಅತ್ತದ್ದು, ಬಯ್ದದ್ದು, ಗುಲಗಂಜಿಯ ಬೊಬ್ಬೆ. "ನಾನು ತಿಮ್ಮಪ್ಪನ್ ಸಿಟ್ಟು ಅಂತ ಸಾಯ್ತಾ ಇದ್ನಲ್ಲ! ಒಂದ್ ಮಾತು ಹೇಳ್ಬಾರ್ದಿತ್ತಾ ಅಪ್ಪ?"

"ಹೇಳಿದ್ನಲ್ಲ, ಮೂವತ್ತಕ್ಕೆ ಮುಡಿ ಕೊಡು ಅಂತ" ಎಂದರು ಮುನಿಸ್ವಾಮಪ್ಪ. ಅವರ ದನಿ ಈಗ ಸಣ್ಣಗಾಗಿತ್ತು. "ನಮ್ಮಪ್ಪ ನನ್ಗೂ ಅಷ್ಟೇ ಹೇಳಿದ್ದು. ಯಾಕೆ ಅಂತ ನನ್ಗೂ ಆಮೇಲೇ ತಿಳಿದಿದ್ದು. ಆದ್ರೂ ಕೇಳು. ಮೊದಮೊದ್ಲು ನಾನೂ ಮುಚ್ಕೊಳಾಕೇ ಬೋಳಿಸ್ಕೊಂಡೆ. ದಿನಾ ಕೈಮುಗಿದೂ ಮುಗಿದೂ ಈಗ ಅದು ನಿಜ್ವಾಗ್ಲೂ ಅವಂದೇ ಆಗೋಯ್ತು. ಅವ್ನು ಯಾವತ್ತೂ ನನ್ನ ಕೇಳ್ಲಿಲ್ಲ, ಎಷ್ಟು ಎಳೆ ತಂದಿದೀಯ ಅಂತ."

ಆ ಮಾತಿಗೆ ಕದಿರಪ್ಪನ ಸಿಟ್ಟು ಅರ್ಧ ಇಳಿಯಿತು. ಮಿಕ್ಕರ್ಧವನ್ನು ಪಾಪಕ್ಕನ ಮೇಲೆ ತಿರುಗಿಸಿದ. "ಗೊತ್ತಿದ್ದೂ ನಿನ್ ಮಗ್ಳ ಕೊಟ್ಯಲ್ಲ ಅತ್ತೆ ನನ್ಗೆ?"

"ನಿನ್ ತಲೆಗೆ ಕೊಟ್ನೇನ್ಲಾ? ನಿನ್ಗೆ ಕೊಟ್ಟಿದ್ದು."

ಕನಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಅಂತೂ ತಪ್ಪು ಯಾರದ್ದೂ ಅಲ್ಲ, ದೇವರದ್ದಂತೂ ಅಲ್ಲ. ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಆದರೆ ಬಂಡೆ ಇಳಿದರೂ ಭಾನುವಾರ ಇಳಿಯಲಿಲ್ಲವಲ್ಲ. ಅಲ್ಲೇ ಕೂತು ಯೋಚಿಸಿದ. ನೆತ್ತಿಯ ಮೇಲೆ ಇನ್ನು ಬೆಳೆಯದು, ಅದು ಖಂಡಿತ. ಹಿಂದಿನದು ಉದ್ದಕ್ಕಿದೆ, ನೆತ್ತಿ ಬರಿದು. ಪೆರುಮಾಳನಿಗೆ ನೆತ್ತಿ ತುಂಬಿದೆ, ಉದ್ದವಿಲ್ಲ. ಹತ್ತು ವರ್ಷ ಎದುರುಬದುರು ನಿಂತು ಇಬ್ಬರಿಗೂ ಇಬ್ಬರ ಮಾತೂ ಬಾಯಿಪಾಠ.

ಎದ್ದು, "ಅಪ್ಪ, ಮುಡಿ ಕೊಡ್ತೀನಿ. ಇವತ್ತೇ, ನಮ್ಮೂರ ತಿಮ್ಮರಾಯಸ್ವಾಮಿ ಗುಡೀಲೇ. ಆದ್ರೆ ಸ್ವಾಮಿಗೆ ಮೂರು ಕತ್ರಿ. ಮಿಕ್ಕಿದ್ದು ನನ್ಗೆ ಬೇಕು. ದ್ರೌಪದಿಗೆ ಚವುರಿ ಕಟ್ಟುಸ್ತೀನಿ" ಎಂದ.

"ದೇವ್ರ ಮುಡಿ ಆಟದೋರ ತಲೆಗಾ? ಆಗಾಕಿಲ್ಲ!"

"ಯಾಕಾಗಾಕಿಲ್ಲ?" ಎಂದಳು ಪಾಪಕ್ಕ. "ಅವತ್ತು ಆ ಎಣ್ಮಗ್ಳಿಗೆ ಸೀರೆ ಕೊಟ್ಟೋನ್ಯಾರು? ಇವನೇ ತಾನೆ? ಮಾರುಗಟ್ಲೆ ಸೀರೆ ಕೊಟ್ಟೋನು ಒಂದು ಮಾರು ಕೂದ್ಲಿಗೆ ಇಂದೆಮುಂದೆ ನೋಡ್ತಾನಾ?"

ಮುನಿಸ್ವಾಮಪ್ಪ ಕತ್ತರಿ ಹುಡುಕಲು ಒಳಗೆ ಹೋದರು. ಭಾರತ ಕೇಳಿ ಬೆಳೆದವರು ಇನ್ನೇನು ಮಾಡಿಯಾರು?

ಕ್ಷೌರಿಕನಿಲ್ಲದ ಊರಿನಲ್ಲಿ ಕುರಿ ತುಪ್ಪಟ ತೆಗೆಯುವ ಕತ್ತರಿಯೇ ಗತಿಯಾಯಿತು. ಮೂರು ಕತ್ತರಿ ಸ್ವಾಮಿಯ ತಟ್ಟೆಗೆ ಬಿತ್ತು. ಮಿಕ್ಕದ್ದನ್ನು ಕನಕಮ್ಮ ಮಡಿಲಲ್ಲಿ ಹಿಡಿದುಕೊಂಡಳು. ಊರಿಗಾಮಿಗೆ ಮರಳಿ ಕದಿರಪ್ಪ ಮಿಕ್ಕ ಕೂಳೆಯನ್ನು ನುಣ್ಣಗೆ ಬೋಳಿಸಿಕೊಂಡು ಬರುವಷ್ಟರಲ್ಲಿ ಅವಳು ಸೂರಿನ ಸಂದಿಗೆ ಕೈ ಹಾಕಿ ಉಂಡೆಗಳನ್ನೆಲ್ಲ ಇಳಿಸಿದಳು. ಮೂರು ವರ್ಷದ್ದು. ಸೂಜಿಯವಳು ಎಷ್ಟೋ ಸಲ ಬಂದು ಹೋಗಿದ್ದಳು. ಒಂದು ಡಬರಿಯೂ ಮನೆಗೆ ಬಂದಿರಲಿಲ್ಲ.

"ಮಾರ್ತೀನಿ ಅಂದೆ?"

"ಮಾರೋಕೆ ಮನ್ಸು ಬರ್ಲಿಲ್ಲ ಕಣ್ ಬಾವ" ಎಂದಳು ಕನಕಮ್ಮ, ಸಿಕ್ಕು ಬಿಡಿಸುತ್ತ. ಆ ಹೊತ್ತು ಅವಳ ಬಾಯಲ್ಲಿ ಕುಚೋದ್ಯವಿರಲಿಲ್ಲ.

ಬುಧವಾರ ಸಂಜೆಯೇ ಬೋಳುತಲೆಯವನು ಚವುರಿ ಹಿಡಿದು ಬಂದದ್ದನ್ನು ಕಂಡು ಬಚ್ಚಪ್ಪ ಮೇಷ್ಟ್ರು ಎದ್ದು ನಿಂತರು. "ನಮ್ ಮೇಳದ ಕೂದ್ಲೇ ತಾನೆ? ಆಯ್ತು ಬಿಡು, ಈ ವರ್ಸ ಪೆರುಮಾಳು ದ್ರೌಪದಿ, ನೀನು ದುಶ್ಯಾಸ್ನ" ಎಂದರು. ಕಷ್ಟವಾದದ್ದು ಪೆರುಮಾಳನ ಮೀಸೆ. ಅದನ್ನು ತೆಗೆಯಲು ಒಪ್ಪದೆ ಅವನು ಅತ್ತ. "ತಲೇನೇ ಕೊಟ್ಟೆ ಕಣಪ್ಪ, ನಿಂದು ಎಲ್ಡು ಬೆಳ್ಳಗಲ!" ಎಂದು ಕದಿರಪ್ಪ ಗದರಿದ ಮೇಲೆ ಕಣ್ಣುಮುಚ್ಚಿ ಕೂತ.

ಭಾನುವಾರ ಬಿಸಿಲು ಧಗಧಗಿಸುತ್ತಿತ್ತು. ಮುನಿಶಾಮಮ್ಮನ ಹರಳೆಣ್ಣೆ ಕುಡಿದ ಚವುರಿ ಪೆರುಮಾಳನ ಕೂದಲಿಗೆ ಬಿಗಿಯಾಗಿ ಸೇರಿ ಸೊಂಟ ದಾಟಿ ಇಳಿದಿತ್ತು. ಕಿರೀಟ ತೊಟ್ಟ ದುಶ್ಶಾಸನ ಅಬ್ಬರಿಸುತ್ತ ಬಂದು ಅದಕ್ಕೆ ಕೈ ಹಾಕಿದ. ಕೈ ಹಾಕಿದವನಿಗೆ ಎಳೆಯಲಾಗಲಿಲ್ಲ. ಅಂಗೈಗೆ ಗುರುತು ಸಿಕ್ಕ ನುಣುಪು. ಪ್ರತಿ ದಿನ ತಾನೇ ಬಾಚಿದ್ದು. ಅವನು ಅದನ್ನು ಮಗುವಿನ ಹಾಗೆ ಹಿಡಿದುಕೊಂಡು ನಿಂತುಬಿಟ್ಟ.

"ಎಳಿಯೋ ದುಶ್ಯಾಸ್ನ! ಸವರ್ತೀಯಲ್ಲೋ!" ಎಂದು ಜನರ ನಡುವಿನಿಂದ ಕುಪ್ಪುಸ್ವಾಮಿ ಕೂಗಿದ. "ಜಡ್ತಿ ಮಾಡೋಕೆ ನಾನಿದೀನಿ!"

ಕದಿರಪ್ಪ ಮನಸ್ಸು ಗಟ್ಟಿಮಾಡಿ ಎಳೆದ. ಕಪ್ಪು ಹೊಳೆ ಬಿಚ್ಚಿಕೊಂಡು ಹರಿದು ಅಟ್ಟದ ಹಲಗೆ ಮುಟ್ಟಿತು. ಹೆಂಗಸರ ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು. ಅದರ ಹಿಂದೆಯೇ ಪೊರಕೆ ಹಿಡಿದ ಮುನಿಶಾಮಮ್ಮ ಅಟ್ಟ ಹತ್ತಿಬಿಟ್ಟಿದ್ದಳು. ಬೀಸಿದ ಏಟಿಗೆ ಕಿರೀಟ ಉರುಳಿತು. ನುಣ್ಣನೆಯ ತಲೆ ಸೂರ್ಯನಿಗೆ ಸರಿಸಮನಾಗಿ ಬೆಳಗಿತು.

"ಬಿಡ್ಲೇ ಬೋಡ, ಬಿಡು ಆ ತಾಯಿ ಮುಡಿ! ಎಂಥಾ ಕೂದ್ಲು! ಎಂಥಾ ಕೂದ್ಲು! ನಿನ್ ಜನ್ಮದಾಗೆ ಕಂಡಿದ್ಯೇನ್ಲಾ ಅಂಥ ಕೂದ್ಲಾ?"

ಕದಿರಪ್ಪನಿಗೆ ಕಣ್ಣು ತುಂಬಿ ಬಂತು. ದುಶ್ಶಾಸನನಿಗೆ ಆ ಜಾಗದಲ್ಲಿ ಅಳುವ ಪದ್ಧತಿಯಿಲ್ಲವಾದ್ದರಿಂದ ಗಹಗಹಿಸಿ ನಕ್ಕು, ಇನ್ನೊಮ್ಮೆ ಎಳೆದ.

"ಮೆಲ್ಲಗಪ್ಪಾ," ಎಂದು ದ್ರೌಪದಿ ಹಲ್ಲು ಕಚ್ಚಿ ಪಿಸುಗುಟ್ಟಿದಳು, "ನಂದೂ ಸೇರ್ಕೊಂಡು ಬತ್ತಾ ಐತೆ."

"ಬಂದ್ರೆ ಬಿಸಾಕ್ಬ್ಯಾಡ" ಎಂದ ದುಶ್ಶಾಸನ, ಕಣ್ಣು ಕೆಂಪಗೆ ತಿರುಗಿಸುತ್ತ. "ಕನಕಮ್ಮನ್ ಕೈಗೆ ಕೊಡು. ಸೂರ್ನಾಗೆ ಜಾಗ ಐತೆ."